ಕರೆಂಟಿನ ಸಾಮಾನು

ಹೋದ ವಾರ ಸಿಂಧನೂರಿನಲ್ಲಿ ನಮ್ಮ ಓಣಿಯ ಮದುವೆ ಮೆರವಣಿಗೆಯಲ್ಲಿ ಪಟಾಕಿ ಹಚ್ಚಿದರು. ಸದ್ದಿಗೆ ನಾನು ಬೆಚ್ಚಲಿಲ್ಲ. ಆಮೇಲೆ ಕಿಟಕಿಯಿಂದ ಒಳಗೆ ಬಂತಲ್ಲ ಸುಟ್ಟ ಮದ್ದಿನ ವಾಸನೆ, ಅದಕ್ಕೆ ಎದ್ದು ಹೋಗಿ ಕಿಟಕಿ ಮುಚ್ಚಿದೆ. ಇಷ್ಟು ವರ್ಷವಾದರೂ ಆ ವಾಸನೆ ಮೂಗಿಗೆ ಬಿದ್ದರೆ ಸಾಕು, ನಾನು ಮಸ್ಕಿಯ ಹೈಸ್ಕೂಲಿನ ಒಂಬತ್ತನೆಯ ಕ್ಲಾಸಿನಲ್ಲಿ ಕೂತಿರುತ್ತೇನೆ...

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಮಗೆ ವಿಜ್ಞಾನ ಹೇಳುತ್ತಿದ್ದ ಮಾಸ್ತರು ಸಿಂಧನೂರು ಕಡೆಯ ಕಾಲುವೆ ಸೀಮೆಯವರು. ಶಾಲೆಯ ಪ್ರಯೋಗದ ಕಪಾಟಿನಲ್ಲಿ ಗಟ್ಟಿಯಾಗಿದ್ದದ್ದು ಬೀಗ ಒಂದೇ. ಅದನ್ನು ನೋಡಿ ನೋಡಿ ಬೇಸತ್ತು ಒಂದು ದಿನ, "ಪುಸ್ತಕದಾಗಿನ ಚಿತ್ರ ನೋಡಿದ್ದು ಸಾಕು. ನಿಮ್ಮ ಮನ್ಯಾಗ ಕರೆಂಟಿಂದು, ಸೆಲ್ಲಿಂದು ಏನೇನ್ ಸಾಮಾನು ಅದಾವ, ತಗೊಂಡ್ ಬರ್ರಿ. ಅದರ ಮ್ಯಾಲೆ ಪಾಠ ಮಾಡೋಣು," ಎಂದರು. ಅವತ್ತಿನಿಂದ ನಮ್ಮ ಕ್ಲಾಸಿಗೆ ಜೀವ ಬಂತು ನೋಡಿ! ಸೈಕಲ್ಲಿನ ಡೈನಮೊ ಬಂತು, ಹೊಲಕ್ಕೆ ಒಯ್ಯುವ ಬ್ಯಾಟರಿ ಬಂತು. ಹಟ್ಟಿಯ ಗಣಿಯಲ್ಲಿ ಮಾವನಿದ್ದ ಹುಡುಗನೊಬ್ಬ ಕ್ಯಾಸೆಟ್ಟು ನುಂಗುವ ಟೇಪ್‌ರೆಕಾರ್ಡರು ಹೊತ್ತು ತಂದ. ತಂದವರೇ ಮೇಜಿನ ಮುಂದೆ ನಿಂತು, ವೈರುಗಳನ್ನು ಸೆಲ್ಲಿಗೆ ಮುಟ್ಟಿಸಿ ತೋರಿಸಬೇಕು. ಹೆಡ್‌ಮಾಸ್ತರು ಬಾಗಿಲಲ್ಲಿ ಇಣುಕಿ, "ಏನ್ರೀ ಇದು, ಸಾಲಿನೋ ರಿಪೇರಿ ಅಂಗಡಿನೋ?" ಎಂದರೆ ಇವರು ನಕ್ಕು ಪಾಠ ಮುಂದುವರಿಸುತ್ತಿದ್ದರು.

ನನ್ನ ಪಕ್ಕ ಕೂರುತ್ತಿದ್ದ ಗೆಳತಿ ಸಂತೆಕಲ್ಲೂರಿನವಳು. ಬಾವಿ ತೋಡುವಾಗ ಅಡ್ಡ ಬರುವ ಬಂಡೆಗೆ ಮದ್ದು ತುಂಬಿ ಒಡೆಯುವುದು ಅವಳಪ್ಪನ ಕೂಲಿ. ಮನೆಯಲ್ಲಿ ಒಂದು ಟ್ರಾನ್ಸಿಸ್ಟರೂ ಇರಲಿಲ್ಲ. ಎಲ್ಲರೂ ಏನಾದರೊಂದು ತಂದರು, ತಾನು ಮಾತ್ರ ಬರಿಗೈ ಎಂದು ದಿನವೂ ಕೊರಗುತ್ತಿದ್ದಳು. ಕೊನೆಗೊಮ್ಮೆ ಪಾಟಿಚೀಲದಿಂದ ಬೆರಳುದ್ದದ, ಬೆಳ್ಳಿ ಬಣ್ಣದ ಕೊಳವೆಯೊಂದನ್ನು ತೆಗೆದಳು. ಅದರಿಂದ ಎರಡು ವೈರು ಹೊರಟಿದ್ದವು. "ನಮ್ಮಪ್ಪ ಜಂತ್ಯಾಗ ಸಿಗಿಸಿಟ್ಟಿದ್ದ. ಮುಟ್ಟಬ್ಯಾಡ್ರಿ, ಅದ್ರಾಗ ಕರೆಂಟ್ ಐತಿ ಅಂತಿದ್ದ," ಎಂದು ಕಣ್ಣರಳಿಸಿದಳು. ಮಕ್ಕಳು ಹೆದರಲಿ ಎಂದು ಅಪ್ಪ ಹೇಳಿದ ಮಾತನ್ನು ನಂಬಿಯೇ ಅವಳು ಅದನ್ನು ತಂದಿದ್ದಳು.

ಕಾಲುವೆ ಸೀಮೆಯಲ್ಲಿ ಬಂಡೆ ಒಡೆದು ಬಾವಿ ತೋಡುವವರಿಲ್ಲ. ಮಾಸ್ತರು ಅಂಥದ್ದನ್ನು ಕಣ್ಣಲ್ಲೂ ಕಂಡಿರಲಿಲ್ಲ. ಅವಳು ವೈರು ಮುಟ್ಟಿಸಲು ಹೊರಟಾಗ, "ತಡಿಯವ್ವಾ, ಇದೇನೋ ಹೊಸಾದು. ಮೊದಲ ನಾ ನೋಡ್ತೀನಿ, ನೀ ಹೋಗಿ ಕುಂದ್ರು," ಎಂದರು. ಅವಳು ಬಂದು ನನ್ನ ಪಕ್ಕ ಕೂತಳೋ ಇಲ್ಲವೋ, ಮಾಸ್ತರು ವೈರುಗಳನ್ನು ಸೆಲ್ಲಿಗೆ ಮುಟ್ಟಿಸಿದರು...

ಕಿವಿ ಗುಂಯ್ಯೆಂದಿತು. ಹೊಗೆ ತಿಳಿಯಾದಾಗ ಮಾಸ್ತರು ತಮ್ಮ ಎಡಗೈಯನ್ನೇ ನೋಡುತ್ತ ನಿಂತಿದ್ದರು. ಅಲ್ಲಿ ಬೆರಳುಗಳಿರಲಿಲ್ಲ. ಅಯ್ಯೋ ದೇವರೇ! ಗೆಳತಿ ನನ್ನ ತೊಡೆಯಲ್ಲಿ ಮುಖ ಹುದುಗಿಸಿದವಳು, ಅವರನ್ನು ಹೊತ್ತೊಯ್ಯುವ ತನಕ ತಲೆ ಎತ್ತಲಿಲ್ಲ.

ಜೀಪಿನಲ್ಲಿ ಲಿಂಗಸುಗೂರಿನ ಆಸ್ಪತ್ರೆಗೆ ಒಯ್ದರು. ಮರುದಿನ ಪೊಲೀಸರು ಕ್ಲಾಸಿಗೇ ಬಂದರು. ಅದು ಬಂಡೆಯೊಳಗಿನ ಮದ್ದು ಸಿಡಿಸುವ ಕೇಪು ಎಂದು ನಮಗೆ ತಿಳಿದದ್ದು ಆಗಲೇ. ಗೆಳತಿ ಬಂದಿರಲಿಲ್ಲ. ಹೆಸರು ಹೊರಬಿದ್ದರೆ ಅವಳಪ್ಪನಿಗೆ ಜೈಲು, ಅವಳ ಓದು ಅಲ್ಲಿಗೇ ಮುಗಿಯಿತು, ಅಷ್ಟು ನಮಗೂ ಗೊತ್ತಿತ್ತು. ನಾವು ಬಾಯಿ ಬಿಡುವ ಮೊದಲೇ ಜಮಾದಾರ, "ದಾರ್ಯಾಗ ಸಿಕ್ಕಿತ್ತು, ನಾನ ತಂದಿದ್ದೆ ಅಂತ ನಿಮ್ಮ ಮಾಸ್ತರ ಹೇಳ್ಯಾರ. ಖರೇ ಏನು?" ಎಂದ.

ನಾನು ದಂಗುಬಡಿದುಹೋದೆ. ಒಂದು ಸಣ್ಣ ಸುಳ್ಳಿಗೂ ನಮ್ಮನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಮನುಷ್ಯ! ಇಡೀ ಕ್ಲಾಸು ಒಂದೇ ಬಾಯಲ್ಲಿ "ಹೌದ್ರೀ" ಎಂದಿತು.

ಮಕ್ಕಳ ನಡುವೆ ಮದ್ದು ತಂದರೆಂದು ಅವರ ನೌಕರಿ ಹೋಯಿತು. ಮತ್ತೆ ಅವರು ಶಾಲೆಯ ಮೆಟ್ಟಿಲು ಹತ್ತಲಿಲ್ಲ. ನಾವು ಮನೆಯಿಂದ ಸಾಮಾನು ತರುವುದೂ ನಿಂತಿತು. ಗೆಳತಿ ಮಾತ್ರ ಕೆಲವು ದಿನಗಳ ಮೇಲೆ ಬಂದಳು, ಓದಿದಳು, ಈಗ ಲಿಂಗಸುಗೂರಿನಲ್ಲಿ ನರ್ಸು.

ಮೊನ್ನೆ ತಡೆಯಲಾರದೆ ಅವಳಿಗೆ ಫೋನು ಮಾಡಿ ಮಾಸ್ತರ ವಿಷಯ ಕೇಳಿದೆ. ತೀರಿಕೊಂಡು ಬಹಳ ದಿನವಾಯಿತಂತೆ. ನನಗೆ ಯಾರೂ ಹೇಳಿರಲಿಲ್ಲ. ಒಮ್ಮೆಯೂ ಹೋಗಿ ನೋಡಲಾಗಲಿಲ್ಲವಲ್ಲ ಎಂದೆ. ಅವಳು ಮಾತ್ರ ಪ್ರತಿ ದಸರೆಗೂ ಬನ್ನಿ ಕೊಡಲು ಅವರ ಮನೆಗೆ ಹೋಗುತ್ತಿದ್ದಳಂತೆ.

"ಬನ್ನಿ ಕೊಟ್ರ ಒಂದ ಕೈಲೆ ತಗೊಂತಿದ್ರು ಬೇ. ಎಡಗೈ ಟವೆಲ್ಲಿನೊಳಗ ಇರ್ತಿತ್ತು. ನಾ ಹೋದಾಗೊಮ್ಮೆ ಹಂಗ... ಅವರನ್ನ ಮಣ್ಣು ಮಾಡೋ ದಿನಾನ ನಾ ಆ ಕೈ ನೋಡಿದ್ದು."