ಹಿಟ್ಟಿನ ಡಬ್ಬಿಯೊಳಗಿನ ಪಾನಾ

ನಾವೆಯ ಹೊಟ್ಟೆಯೊಳಗೆ ಕಾಲು ಚಾಚಿ ಕೂತು, ತೊಡೆಯ ಮೇಲೆ ಜೋಳದ ಹಿಟ್ಟು ಹರವಿದ ಮೊರ ಇಟ್ಟುಕೊಂಡು, ಮೇಲೆ ನೀರಿನ ಕೊಡ ಹಿಡಿದು ನಿಂತ ಗಂಡನಿಗೆ "ಹೂಂ, ಸುರಿ ಇನ್ನ!" ಎಂದು ಕೂಗುವ ಹೆಂಗಸನ್ನು ನೀವು ಕಂಡಿರಲಿಕ್ಕಿಲ್ಲ. ನಾನು ಕಂಡಿದ್ದೇನೆ. ಅವಳೇ ನಮ್ಮ ಪಕ್ಕದ ಮನೆಯ ಬೀರವ್ವ ಅತ್ತೆ.

ಎಪ್ಪತ್ತರ ದಶಕದಲ್ಲಿ ನಾನು ಹುನಗುಂದದ ಕಡೆಯ ಆ ಹೊಳೆದಂಡೆಯ ಊರಿಗೆ ಸೊಸೆಯಾಗಿ ಬಂದಾಗ ಅಲ್ಲಿ ಕೃಷ್ಣೆಗೆ ಸೇತುವೆ ಇರಲಿಲ್ಲ. ಅತ್ತೆಯ ಗಂಡ ಮಾಳಪ್ಪ ಮಾವ ಜನರನ್ನು ದಾಟಿಸುತ್ತಿದ್ದ. ಅವನ ನಾವೆಯ ಮುಂಭಾಗಕ್ಕೆ ಹಲಗೆ ಹೊದಿಸಿತ್ತು. ಹಲಗೆಯ ಕೆಳಗೆ ಜನರ ಗಂಟುಮೂಟೆ, ಮೇಲೆ ಹಗ್ಗ ಕಟ್ಟುವ ಕಬ್ಬಿಣದ ಬಳೆಗಳು. ಬಳೆಗಳನ್ನು ಹಿಡಿದ ಬೋಲ್ಟುಗಳ ಸಂದಿನಿಂದ ನೀರು ಒಳಗಿಳಿಯುತ್ತಿತ್ತು. ಅದನ್ನು ಮುಚ್ಚುವುದು ಅತ್ತೆಯ ಕಾರುಬಾರು. ಬೋಲ್ಟು ಬಿಚ್ಚಿಸಿ, ತೂತು ಕೆರೆದು, ಬಿಸಿಲಿಗೆ ಒಣಗಿಸಿ, ತಮ್ಮ ಕುರಿಗಳ ಉಣ್ಣೆಯನ್ನು ಡಾಂಬರಿನಲ್ಲಿ ಅದ್ದಿ ಬೋಲ್ಟಿನ ಕುತ್ತಿಗೆಗೆ ಸುತ್ತುತ್ತಿದ್ದಳು. ಆಮೇಲೆ ಈ ಹಿಟ್ಟಿನ ಪರೀಕ್ಷೆ. ಹಿಟ್ಟಿನಲ್ಲಿ ಒಂದೇ ಒಂದು ಹನಿಯ ಗುಳಿ ಬಿದ್ದರೂ ಮುಗಿಯಿತು, ಅದೇ ಹಿಟ್ಟಿನ ರೊಟ್ಟಿ ತಟ್ಟಿ ಮಾವನಿಗೆ ಬಡಿಸುತ್ತಿದ್ದಳು. "ನೀ ಸೋರಿಸಿದ್ದು, ನೀನ ತಿನ್ನು!" ಡಾಂಬರಿನ ವಾಸನೆಯ ಆ ರೊಟ್ಟಿಯನ್ನು ಪಾಪ, ಅವನು ಶೇಂಗಾ ಚಟ್ನಿ ಜಾಸ್ತಿ ಹಾಕಿಸಿಕೊಂಡು ನುಂಗುತ್ತಿದ್ದ.

ತಪ್ಪೂ ಅವನದೇ ಅನ್ನಿ. ಬೋಲ್ಟನ್ನು ಮೊದಲ ದಿನ ಅರ್ಧ ಮಾತ್ರ ಬಿಗಿಯಬೇಕು, ಡಾಂಬರು ಗಟ್ಟಿಯಾದ ಮೇಲೆ ಮರುದಿನ ಉಳಿದದ್ದು. ಆದರೆ ಮಾವನ ಕೈಗೆ ಬೋಲ್ಟು ತಿರುವುವ ಪಾನಾ ಸಿಕ್ಕರೆ ನಟ್ಟು ಕಿರುಗುಟ್ಟುವತನಕ ತಿರುವಿಯೇ ಬಿಡುತ್ತಿದ್ದ. ಡಾಂಬರೆಲ್ಲ ಹೊರಗೆ!

"ಅಯ್ಯ ಇವನ, ಏನ ಕುಸ್ತಿ ಹಿಡದೀ ಏನ? ಎಲ್ಲಾ ಹಿಂಡಿ ತಗದ್ರ ಒಳಗ ಏನ ಉಳೀತೈತಿ?" ಎಂದು ಅತ್ತೆ ಪಾನಾ ಕಸಿದು ಹಿಟ್ಟಿನ ಡಬ್ಬಿಯಲ್ಲಿ ಹೂತಿಡುತ್ತಿದ್ದಳು. ಮಾವ ಮನೆಯೆಲ್ಲ ತಡಕಾಡುತ್ತಿದ್ದ, ಆ ಡಬ್ಬಿಯೊಂದನ್ನು ಬಿಟ್ಟು.

ಒಮ್ಮೆ ನನ್ನ ತಂಗಿಯ ಮದುವೆ ಆಚೆ ದಂಡೆಯಲ್ಲಿತ್ತು; ಅತ್ತೆಯೂ ನನ್ನ ಜೊತೆ ಮಾವನ ನಾವೆ ಹತ್ತಿದ್ದಳು. ಅಕ್ಕಿಕಾಳು ಬೀಳುವ ಮುಹೂರ್ತದ ಹೊತ್ತಿಗೆ ಅವಳು ಉಡಬೇಕಾದ ಇಳಕಲ್ ಸೀರೆ ನನ್ನ ಗಂಟಿನಲ್ಲಿತ್ತು. ಅದು ತೊಯ್ದರೆ ತವರಿನವರಿಗೆ ಯಾವ ಮುಖ ತೋರಿಸಲಿ? ನಡುಹೊಳೆಯಲ್ಲಿ ಗಾಳಿ ಎದ್ದು ತೆರೆ ಹಲಗೆಯ ಮೇಲೆ ಅಪ್ಪಳಿಸಿತು. ಗಂಟಿನ ಪಕ್ಕದಲ್ಲೇ ಟಪ್ ಟಪ್ ಶುರುವಾಯಿತು. ಅತ್ತೆ ಗಂಡನ ಮುಖ ನೋಡಿದಳು. ಮಾವ ಆಕಾಶ ನೋಡಿದ.

"ಯಾರ ಪಾನಾ ಇಸ್ಕೊಂಡಿದ್ದಿ?"

"ಟ್ರ್ಯಾಕ್ಟರದಾಂವಂದು... ಸ್ವಲ್ಪ ಸಡಿಲ ಇದ್ದಂಗ ಕಾಣ್ತು, ನಿನ್ನಿ ಬಿಗಿದೆ."

ಅತ್ತೆ ಹಲಗೆಯ ಕೆಳಗೆ ತೂರಿ, ಗಂಟನ್ನು ಮಡಿಲಿಗೆ ಎಳೆದುಕೊಂಡು, ಕಂಬಳಿ ಹೊದಿಸಿ, ದಂಡೆ ಮುಟ್ಟುವವರೆಗೂ ಅದರ ಮೇಲೆ ಬಾಗಿಯೇ ಕೂತಳು. ಹೊರಗೆ ಬಂದಾಗ ತಲೆ ತೊಪ್ಪೆ, ಕೆನ್ನೆಯ ಮೇಲೆಲ್ಲ ಡಾಂಬರಿನ ಕರಿ ಹನಿ. ಸೀರೆ ಮಾತ್ರ ಒಂದೆಳೆಯೂ ತೊಯ್ದಿರಲಿಲ್ಲ.

ಮದುವೆಮನೆಯ ಹೆಂಗಸರು ಬಿಡುತ್ತಾರೆಯೇ? "ಏನ ಬೇ ಇದು ಮಾರಿಗೆ?" ಎಂದು ಕೇಳಿದರು.

"ಕಾಡಿಗಿ. ನನ್ನ ಗಂಡ ಹಚ್ಯಾನ. ಭಾಳ ಪ್ರೀತಿ ಅವಗ ನನ್ನ ಮ್ಯಾಲ!"

ಮಾವ ಚಪ್ಪರದ ಹಿಂದೆ ಹೋದವನು ಊಟಕ್ಕೂ ಬರಲಿಲ್ಲ. ಅತ್ತೆಯೇ ಎಲೆ ಹಿಡಿದುಕೊಂಡು ಹುಡುಕುತ್ತ ಹೋದಳು. ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು.

ಎಂಬತ್ತರ ದಶಕದ ಒಂದು ಚಳಿಗಾಲ ಜ್ವರವೆಂದು ಮಲಗಿದ ಅತ್ತೆ ಏಳಲಿಲ್ಲ. ಅವಳ ದನಿಯಿಲ್ಲದ ಆ ಓಣಿ ನನಗೆ ಬೇಡವೆನಿಸಿತ್ತು. ಬೇಸಿಗೆ ಬಂತು, ಮಾವ ಒಬ್ಬನೇ ಕೂತು ಬೋಲ್ಟುಗಳಿಗೆ ಉಣ್ಣೆ ಸುತ್ತಿದ. ಸಂಜೆ ನಮ್ಮ ಮನೆಗೆ ಬಂದು ಪಾನಾ ಚಾಚಿದ.

"ಅರ್ಧಾ ಬಿಗಿದೇನವಾ. ನಾಳಿ ಮಟಾ ಇದನ್ನ ಎಲ್ಲ್ಯಾರ ಮುಚ್ಚಿಡು. ನನ್ನ ಕೈಯಾಗ ಇದ್ರ ನಾ ಸುಮ್ಮನ ಇರಾಂವಲ್ಲ."

ನಾನು ಪಾನಾ ಇಸಿದುಕೊಂಡು ಅಡುಗೆಮನೆಗೆ ಹೋಗಿ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದೆ. ತಿರುಗಿ ನೋಡಿದರೆ ಮಾವ ಗೋಡೆಯತ್ತ ಮುಖ ಮಾಡಿ ನಿಂತಿದ್ದ, ಎಲ್ಲಿಟ್ಟೆನೆಂದು ತನಗೆ ಕಾಣಬಾರದು ಎಂದು.