ನನ್ನ ಒಸಡು ಮತ್ತು ಶಾಯಿಯ ವಾಸನೆ

ಸೀಬೆಹಣ್ಣು ಕಚ್ಚಿ, ಒಳಗಿನ ಕೆಂಪು ನೋಡಿ ನಾನು ಒಮ್ಮೆ ಬಹಳ ಸಂತೋಷಪಟ್ಟಿದ್ದೆ. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಗಾಂಧಿಬಜಾರಿನ ಗಾಡಿಯೊಂದರ ಮುಂದೆ ನಿಂತು, ಉಪ್ಪು ಖಾರ ಹಚ್ಚಿಸಿಕೊಂಡು, ಬಾಯಿ ತುಂಬ ಕಚ್ಚಿದೆ. ಬಿಳಿ ಸೀಬೆ ಕೇಳಿದವನಿಗೆ ಗಾಡಿಯವನು ಅದಕ್ಕಿಂತ ದುಬಾರಿಯ ಕೆಂಪು ಸೀಬೆ ಕೊಟ್ಟುಬಿಟ್ಟನಲ್ಲ, ಪಾಪ, ಗಮನಿಸಿಲ್ಲ ಎಂದುಕೊಂಡು ಮೆಲ್ಲಗೆ ಅಲ್ಲಿಂದ ಜಾಗ ಖಾಲಿ ಮಾಡಿದೆ. ಹಣ್ಣನ್ನು ಮುರಿದು ನೋಡಿದರೆ ಒಳಗೆಲ್ಲ ಅಚ್ಚ ಬಿಳಿ. ಕೆಂಪು ಹಣ್ಣಿನದಲ್ಲ, ನನ್ನದು ಎಂಬುದು ಅರ್ಥವಾಗಲು ನಾಲ್ಕು ಹೆಜ್ಜೆ ನಡೆಯಬೇಕಾಯಿತು.

ಒಸಡಿನಿಂದ ರಕ್ತ ಬಂದರೆ ನಮ್ಮ ಮನೆಗಳಲ್ಲಿ ಯಾರೂ ಗಾಬರಿಯಾಗುವುದಿಲ್ಲ. ಕಣ್ಣುರಿ ಬಂದರೆ ಉಷ್ಣ, ತುಟಿ ಒಡೆದರೆ ಉಷ್ಣ, ಸಿಟ್ಟು ಬಂದರೂ ಉಷ್ಣ. ಹೀಗಿರುವಾಗ ಒಸಡಿಗೆ ಬೇರೆ ಕಾರಣ ಹುಡುಕುವವರು ಯಾರು? ನನ್ನ ಹೆಂಡತಿ ವಿಮಲಾ ಬಾರ್ಲಿ ನೀರು ಕುದಿಸಿದಳು. ಕಾಮಕಸ್ತೂರಿ ಬೀಜ ನೆನೆಹಾಕಿ ಬೆಲ್ಲದ ಪಾನಕ ಮಾಡಿಕೊಟ್ಟಳು. ಭಾನುವಾರ ತಪ್ಪದೆ ಎಣ್ಣೆನೀರು ಆಯಿತು. ನಾನೂ ನನ್ನ ಪಾಲಿನ ಬುದ್ಧಿವಂತಿಕೆ ಸೇರಿಸಿದೆ. ರಕ್ತ ಬರುವ ಕಡೆ ಬ್ರಷ್ ತಾಗಿಸುವುದನ್ನೇ ಬಿಟ್ಟೆ. ನೋಯುವ ಜಾಗಕ್ಕೆ ವಿಶ್ರಾಂತಿ ಬೇಕಲ್ಲವೇ! ಹೀಗೆ ನಾವಿಬ್ಬರೂ ಸೇರಿ ಎರಡು ವರ್ಷ ಆ ರೋಗಕ್ಕೆ ಬೆಲ್ಲ ತಿನ್ನಿಸಿ, ಎಣ್ಣೆ ಹಚ್ಚಿ, ಅಳಿಯನಂತೆ ಸಾಕಿದೆವು.

ಪಾಪ, ಒಸಡಿನ ಯೋಗ್ಯತೆಯೇ ಹಾಗೆ. ಯಾರ ಗಮನಕ್ಕೂ ಬರದ ಪ್ರಾಣಿ ಅದು. ಕವಿಗಳು ಹಲ್ಲನ್ನು ದಾಳಿಂಬೆ ಬೀಜ ಎಂದರು, ಮಲ್ಲಿಗೆ ಮೊಗ್ಗು ಎಂದರು. ಆ ಮೊಗ್ಗು ಕಚ್ಚಿಕೊಂಡಿರುವ ಗಿಡದ ಬಗ್ಗೆ ಯಾರಾದರೂ ಒಂದು ಸಾಲು ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ನಮ್ಮ ಮಾತಿನಲ್ಲೂ ಅಷ್ಟೆ. ಸಿಟ್ಟಿಗೆ ಹಲ್ಲು ಕಡಿಯುತ್ತೇವೆ, ಕೆಲಸವಾಗಬೇಕಾದರೆ ಹಲ್ಲು ಗಿಂಜುತ್ತೇವೆ, ಹೇಳಲೂ ಆಗದ ಸಂಕಟಕ್ಕೆ ಹಲ್ಲುಕಚ್ಚಿ ಸುಮ್ಮನಿರುತ್ತೇವೆ. ಇಷ್ಟಕ್ಕೆಲ್ಲ ಹಲ್ಲನ್ನು ಹಿಡಿದುಕೊಂಡಿರುವ ಒಸಡಿಗೆ ಮಾತ್ರ ಒಂದು ನುಡಿಗಟ್ಟೂ ದಕ್ಕಿಲ್ಲ.

ನನ್ನ ಜೀವನವಾದರೋ ಬಾಯಿಯ ಮೇಲೇ ನಿಂತಿತ್ತು. ಸುಲ್ತಾನ್‌ಪೇಟೆಯಲ್ಲಿ ನನ್ನದೊಂದು ಲಗ್ನಪತ್ರಿಕೆ ಅಂಗಡಿ. ಕಾರ್ಡುಗಳನ್ನು ತೋರಿಸಿ ಮಾರುವುದನ್ನು ಯಾರು ಬೇಕಾದರೂ ಮಾಡಬಹುದು. ಕರಡು ಓದುವುದಿದೆಯಲ್ಲ, ಅದು ನನ್ನ ವಿದ್ಯೆ. ಅಚ್ಚಿಗೆ ಹೋಗುವ ಮುಂಚೆ ಮನೆಯ ಹಿರಿಯರನ್ನು ಸುತ್ತ ಕೂರಿಸಿಕೊಂಡು, ಶ್ರೀಕಾರದಿಂದ ಹಿಡಿದು ಬಂಧುಗಳ ಕೊನೆಯ ಹೆಸರಿನ ತನಕ ಗಟ್ಟಿಯಾಗಿ ಓದುತ್ತಿದ್ದೆ. ಸೋದರಮಾವನ ಹೆಸರು ಬಿಟ್ಟುಹೋದರೆ ಮದುವೆಯಲ್ಲಿ ಒಂದು ಪಂಕ್ತಿ ಖಾಲಿಯಾಗುತ್ತದೆ. ಹಾಗಾಗಿ ಹಿರಿಯರು ಮುಂದಕ್ಕೆ ಬಾಗಿ, ಕಿವಿಗೊಟ್ಟು ಕೇಳುವರು. ಆ ಹತ್ತು ನಿಮಿಷ ನಾನು ಕಾರ್ಡಿನ ವ್ಯಾಪಾರಿಯಲ್ಲ, ಮದುವೆಯ ಮೊದಲ ಪುರೋಹಿತ.

ಅಂಥ ಹಿರಿಯರು ಯಾಕೋ ಹಿಂದಕ್ಕೆ ಸರಿಯತೊಡಗಿದರು. ಚಾಮರಾಜಪೇಟೆಯಿಂದ ಬಂದಿದ್ದ ಅಜ್ಜಿಯೊಬ್ಬರು ನಾನು ಓದಲು ಶುರುಮಾಡಿದ ಕೂಡಲೇ ಮೂಗಿಗೆ ಸೆರಗು ಹಿಡಿದರು.

"ಏನಾಯ್ತಮ್ಮಾ?" ಎಂದು ಕೇಳಿದೆ.

"ಏನಿಲ್ಲ ಕಣಪ್ಪ, ಪ್ರೆಸ್ಸಿನ ಶಾಯಿ ವಾಸನೆ. ನಂಗೆ ಆಗಲ್ಲ. ನೀನು ಓದು" ಎಂದರು.

ನಾನು ಕ್ಷಮೆ ಕೇಳಿದೆ. ಮರುದಿನವೇ ಅಂಗಡಿಗೊಂದು ಫ್ಯಾನು ತಂದು ಹಾಕಿಸಿದೆ. ಅಂಗಡಿಯಲ್ಲಿ ಅಚ್ಚಿನ ಯಂತ್ರವೇ ಇಲ್ಲ, ಪತ್ರಿಕೆಗಳೆಲ್ಲ ಹಿಂದಿನ ಬೀದಿಯಲ್ಲಿ ಮುದ್ರಣವಾಗಿ ಬರುತ್ತವೆ ಎಂಬುದು ಆಗ ನನ್ನ ತಲೆಗೇ ಹೊಳೆಯಲಿಲ್ಲ. ಆ ಫ್ಯಾನು ಏನು ಮಾಡಿತೆಂದರೆ, ಮುಂದಿನ ಸಾಲಿನವರಿಗೆ ಮಾತ್ರ ಸಿಗುತ್ತಿದ್ದದ್ದನ್ನು ಹಿಂದಿನ ಸಾಲಿಗೂ ಹಂಚಿತು.

ಕೆಳಗಿನ ಮೂರು ಮುಂಬಲ್ಲುಗಳು ನಾಲಿಗೆ ತಾಗಿದರೆ ಅಲುಗಾಡತೊಡಗಿದ ಮೇಲೆ ನನಗೆ ನಿಜವಾಗಿ ಭಯ ಹತ್ತಿತು. ಮುಂಬಲ್ಲಿಲ್ಲದೆ ಲಗ್ನಪತ್ರಿಕೆ ಓದಿದರೆ ಮಂಗಳಕಾರ್ಯವೆಲ್ಲ ಗಾಳಿಗೆ ಹೋಗುತ್ತದೆ. ಮಾಮೂಲ್‌ಪೇಟೆಯಲ್ಲಿ ಬಳೆ, ಟೇಪು ಮಾರುವ ನನ್ನ ಗೆಳೆಯ ಮುನಿರಾಜುವಿಗೆ ಹೇಳಿಕೊಂಡೆ.

"ಡೆಂಟಿಸ್ಟ್ ಹತ್ರ ಮಾತ್ರ ಹೋಗ್ಬೇಡ ಗುರು" ಎಂದ. "ನಮ್ ಮಾವ ಕ್ಲೀನಿಂಗ್ ಮಾಡಿಸ್ಕೊಂಡ್ರು. ಅದಾದ್ಮೇಲೇ ನೋಡು, ಎಲ್ಲಾ ಹಲ್ಲೂ ಅಲ್ಲಾಡೋಕೆ ಶುರು ಆಗಿದ್ದು."

ಈ ಮಾತು ನನಗೆ ಬಹಳ ಹಿಡಿಸಿತು. ಹೋಗದಿರಲು ಕಾರಣ ಹುಡುಕುತ್ತಿರುವವನಿಗೆ ಸಿಕ್ಕ ಯಾವ ಕಾರಣವೂ ಹಿಡಿಸುತ್ತದೆ. ಮತ್ತೆ ಮೂರು ತಿಂಗಳು ಪಾನಕ ಕುಡಿದೆ. ಕೊನೆಗೆ ವಿಮಲಾಳೇ ಒಂದು ಸಂಜೆ ನನ್ನನ್ನು ಎಳೆದುಕೊಂಡು ಹೋಗಿ, ಬಸವನಗುಡಿಯ ಒಂದು ಮೊದಲ ಮಹಡಿಯ ಕ್ಲಿನಿಕ್ಕಿನಲ್ಲಿ ಡಾಕ್ಟರ್ ಪದ್ಮಿನಿಯವರ ಮುಂದೆ ಕೂರಿಸಿದಳು.

ಪದ್ಮಿನಿಯವರು ಚಿಕ್ಕ ವಯಸ್ಸಿನವರು, ಆದರೆ ಹಳೇ ಮೇಷ್ಟರ ಗತ್ತು. ಗೆರೆಗಳಿರುವ ತೆಳ್ಳನೆಯ ಕಡ್ಡಿಯೊಂದನ್ನು ಹಲ್ಲು ಒಸಡುಗಳ ಸಂದಿಗೆ ಇಳಿಸಿ, "ಮೂರು, ಮೂರು, ಆರು, ಏಳು" ಎನ್ನುತ್ತ ಬರೆದುಕೊಂಡರು. ಏಳು ಬಂದಾಗ ನಾನು ಹಿಗ್ಗಿದೆ. ಅದು ಸಂದಿಯ ಆಳದ ಲೆಕ್ಕ, ಇಲ್ಲಿ ಅಂಕ ಜಾಸ್ತಿಯಾದಷ್ಟೂ ಫೇಲು ಎಂದು ಆಮೇಲೆ ತಿಳಿಯಿತು.

"ಇದು ಉಷ್ಣ ಅಲ್ಲ ಸರ್" ಎಂದರು. "ಹಲ್ಲಿನ ಬುಡದಲ್ಲಿ ಪಾಚಿ ಕಟ್ಟಿ, ಗಾರೆ ಥರ ಗಟ್ಟಿಯಾಗಿದೆ. ಅದಕ್ಕೇ ಒಸಡು ಊದ್ಕೊಂಡು, ಹಲ್ಲು ಬಿಟ್ಟು ಜೇಬಿನ ಥರ ಆಗಿದೆ. ಒಳಗಡೆ ಮೂಳೆ ಸವೀತಾ ಇದೆ. ರಕ್ತ ಬಂದಾಗ ಬ್ರಷ್ ಮಾಡೋದು ನಿಲ್ಲಿಸ್ಬಾರ್ದು, ಮೆತ್ತಗಿರೋ ಬ್ರಷ್ ತಗೊಂಡು ಅಲ್ಲೇ ಚೆನ್ನಾಗಿ ತಿಕ್ಕಬೇಕು."

ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುವುದಂತಲ್ಲ ಎಂದು ಮುನಿರಾಜುವಿನ ಮಾವನನ್ನು ಸಾಕ್ಷಿಗೆ ಕರೆದೆ. ಡಾಕ್ಟರು ನಕ್ಕರು. "ಸಡಿಲ ಮೊದಲೇ ಆಗಿರುತ್ತೆ. ಅದನ್ನ ಗಾರೆ ಹಿಡ್ಕೊಂಡಿರುತ್ತೆ ಅಷ್ಟೆ. ತೆಗೆದ ಮೇಲೆ ನಿಜ ಗೊತ್ತಾಗುತ್ತೆ."

ಚಿಕಿತ್ಸೆಯ ಮೆಟ್ಟಿಲುಗಳನ್ನೂ ಹೇಳಿದರು. ಮೊದಲು ರಕ್ತದ ಸಕ್ಕರೆ ಪರೀಕ್ಷೆ, ಯಾಕೆಂದರೆ ಸಕ್ಕರೆ ಕಾಯಿಲೆಗೂ ಒಸಡಿಗೂ ಒಳಗೊಳಗೇ ಸ್ನೇಹವಂತೆ. ಆಮೇಲೆ ಕ್ಲೀನಿಂಗ್. ಅದು ಸಾಲದಿದ್ದರೆ ಚುಚ್ಚುಮದ್ದು ಕೊಟ್ಟು ಮರಗಟ್ಟಿಸಿ, ಒಸಡಿನ ಅಡಿಯಲ್ಲಿ ಬೇರಿನ ಮೈಯನ್ನು ಕೆರೆದು ನಯ ಮಾಡುವುದು. ಅದಕ್ಕೂ ಬಗ್ಗದ ಆಳದ ಜೇಬುಗಳಿಗೆ ಒಸಡನ್ನು ಬಿಡಿಸಿ, ಒಳಗೆ ಶುದ್ಧ ಮಾಡಿ, ಹೊಲಿಗೆ ಹಾಕುವ ಸಣ್ಣ ಆಪರೇಷನ್. ಎಲ್ಲದಕ್ಕೂ ಕೊನೆಗೆ ಕೀಳುವುದು. ಸವೆದ ಮೂಳೆ ಬಹುಮಟ್ಟಿಗೆ ವಾಪಸ್ಸು ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳುವುದೇ ಜಾಣತನ ಎಂದರು. ಆ ಮೂರು ಹಲ್ಲುಗಳ ಭವಿಷ್ಯವನ್ನು ಮೂರು ತಿಂಗಳಾದ ಮೇಲೆ ಹೇಳುತ್ತೇನೆ ಎಂದರು.

ಏಳುವ ಮುಂಚೆ ಅವರು ಇನ್ನೊಂದು ಪ್ರಶ್ನೆ ಕೇಳಿದರು. "ಬಾಯಿ ವಾಸನೆ ಬರುತ್ತೆ ಅಂತ ಮನೇಲಿ ಯಾರಾದ್ರೂ ಹೇಳಿದ್ದಾರಾ?"

"ಇಲ್ಲವೇ ಇಲ್ಲ" ಎಂದೆ ಹೆಮ್ಮೆಯಿಂದ. ಪಕ್ಕದಲ್ಲಿದ್ದ ವಿಮಲಾ ಗೋಡೆಯ ಮೇಲಿನ ಹಲ್ಲಿನ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು.

ತ್ಯಾಗರಾಜನಗರದ ಮನೆಗೆ ನಡೆದು ಬರುವಾಗ ದಾರಿಯಲ್ಲೇ ಕೇಳಿದೆ. "ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು ರೀ. ಎರಡು ವರ್ಷದಿಂದ."

"ಒಂದು ಮಾತು ಹೇಳಬಾರದಿತ್ತಾ?"

"ಹೇಗೆ ಹೇಳ್ಲಿ? ಓದೋದು ಅಂದ್ರೆ ನಿಮಗೆ ಪ್ರಾಣ. ಹೇಳಿದ್ರೆ ಬಾಯೇ ತೆಗೆಯಲ್ಲ ಅಂತ ಸುಮ್ಮನಾದೆ. ಅದಕ್ಕೇ ದಿನಾ ಲವಂಗ ಕೊಡ್ತಿದ್ದೆ."

ಊಟವಾದ ಮೇಲೆ ಅವಳು ಕೊಡುತ್ತಿದ್ದ ಲವಂಗವನ್ನು ನಾನು ಪ್ರೀತಿ ಎಂದುಕೊಂಡಿದ್ದೆ. ಪ್ರೀತಿಯೇ ಇರಬೇಕು. ಆದರೆ ಅಂದು ನನಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೆ ಬಂದು, ಮನೆಯವರೆಗೂ ಅವಳಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದೆ.

ಚಿಕಿತ್ಸೆಯಾಯಿತು. ಸಕ್ಕರೆ ಪುಣ್ಯಕ್ಕೆ ಸರಿಯಾಗಿತ್ತು. ಕೆರೆಸಿಕೊಂಡೆ, ಹೊಲಿಸಿಕೊಂಡೆ, ಒಂದು ವಾರ ಗಂಜಿ ಕುಡಿದೆ. ಮೂರು ತಿಂಗಳ ಮೇಲೆ ತೀರ್ಪು ಬಂತು. ಎರಡು ಹಲ್ಲು ನಿಂತವು. ಮೂರನೆಯದು ನಿಲ್ಲಲಿಲ್ಲ. "ಆರು ತಿಂಗಳು ಮುಂಚೆ ಬಂದಿದ್ರೆ ಇದೂ ಉಳೀತಿತ್ತು" ಎಂದು ಡಾಕ್ಟರು ಅದನ್ನು ಕಿತ್ತು, ಕೆಲವು ವಾರಗಳಾದ ಮೇಲೆ ಆ ಜಾಗದಲ್ಲಿ ಒಂದು ಕಟ್ಟಿದ ಹಲ್ಲು ಕೂರಿಸಿದರು. ಹಲ್ಲು ಕಿತ್ತ ದಿನ ವಿಮಲಾ ಸರಿಯಾಗಿ ಊಟ ಮಾಡಲಿಲ್ಲ.

ಮದುವೆಯ ಕಾಲ ಬಂತು. ನಾನು ಹೊಸ ಬಾಯಿಯ ಉತ್ಸಾಹದಲ್ಲಿ, ಒಂದೊಂದು ಹೆಸರನ್ನೂ ರಾಗವಾಗಿ ಎಳೆದು, ಹಿಂದೆಂದೂ ಓದದಷ್ಟು ಚೆನ್ನಾಗಿ ಓದಿದೆ. ನೋಡುತ್ತೇನೆ, ಎದುರಿನ ಯಜಮಾನರು ಮೆಲ್ಲಗೆ ಹಿಂದಕ್ಕೆ ಒರಗುತ್ತಿದ್ದಾರೆ! ಅವರು ಹೋದದ್ದೇ ತಡ, ಕೈಜೋಡಿಸಲು ಅಂಗಡಿಗೆ ಬಂದು ಕಾರ್ಡುಗಳ ಮೂಲೆಗೆ ಅರಿಶಿನ ಹಚ್ಚುತ್ತ ಕೂತಿದ್ದ ವಿಮಲಾಳ ಹತ್ತಿರ ಓಡಿದೆ.

"ಇನ್ನೂ ವಾಸನೆ ಇದೆಯಾ? ನಿಜ ಹೇಳು."

"ವಾಸನೆ ಸ್ವಲ್ಪಾನೂ ಇಲ್ಲ."

"ಮತ್ತೆ ಯಾಕೆ ಅವರು ಹಾಗೆ ಒರಗಿದ್ದು?"

ಅವಳು ಅರಿಶಿನದ ಬೆರಳನ್ನು ಹಾಗೇ ಹಿಡಿದುಕೊಂಡು ನನ್ನ ಕಟ್ಟಿದ ಹಲ್ಲಿನ ಕಡೆಗೊಮ್ಮೆ ನೋಡಿದಳು. "ಅವರಿಗೆ ನಿದ್ದೆ ಬರ್ತಿತ್ತು ರೀ. ನೀವು ಬಹಳ ಉದ್ದ ಓದ್ತೀರಿ. ಆ ರಾಗ ಬೇಡ. ಹೆಸರು ಹೇಳಿ ಮುಗಿಸ್ಬಿಡಿ."

ಚುಚ್ಚುಮದ್ದಿನ ಸೂಜಿ ಇದಕ್ಕಿಂತ ಮೆತ್ತಗಿತ್ತು. ಅಷ್ಟು ವರ್ಷಗಳ ನನ್ನ ವಿದ್ಯೆ ಅರಿಶಿನದ ಬಟ್ಟಲಲ್ಲಿ ಮುಳುಗಿತು. ಆದರೂ ಮನಸ್ಸಿನಲ್ಲಿ ಏನೋ ಹಗುರವಾಯಿತು, ನಗು ಬಂತು, ಅವಳೂ ನಕ್ಕಳು. ವಾಸನೆಯ ಮಾತು ಹೇಳಲು ಅವಳು ಎರಡು ವರ್ಷ ತೆಗೆದುಕೊಂಡಿದ್ದಳು. ಇದಕ್ಕೆ ಎರಡು ನಿಮಿಷವೂ ಹಿಡಿಯಲಿಲ್ಲ. ಕಿತ್ತುಹೋದ ನನ್ನ ಆ ಒಂದು ಹಲ್ಲು ದಂಡವಾಗಲಿಲ್ಲ.