ಮಾಂತ್ರಿಕನ ಕೊನೆಯ ಮಾತು

ನಾನು ಓದು ನಿಲ್ಲಿಸಿದ್ದು ೧೯೮೬ರಲ್ಲಿ, ಏಳನೆಯ ತರಗತಿ ಮುಗಿಸಿ. ಬಡತನ ಬಿಡಿಸಿತು ಎಂದು ಜನ ತಾವಾಗಿಯೇ ಕನಿಕರಪಡುತ್ತಾರೆ. ಹಾಗೇನಿಲ್ಲ. ಬಳೇಪೇಟೆಯಲ್ಲಿ ಅಪ್ಪನದು ನಾಟಕದ ವೇಷಭೂಷಣ ಬಾಡಿಗೆಗೆ ಕೊಡುವ ಅಂಗಡಿ. ಬಣ್ಣ ಹಚ್ಚುವವನೂ ಅವನೇ. ಅವನ ಕೈ ನಡುಗಲು ಶುರುವಾಯಿತು. ನಡುಗುವ ಕೈಯಲ್ಲಿ ಹುಬ್ಬು ಬರೆಯಲಾಗದು. ಅವನ ಜಾಗದಲ್ಲಿ ನಾನು ಕೂತೆ. ಅಂದಿನಿಂದ ಎಷ್ಟು ರಾಮರು, ಎಷ್ಟು ರಾವಣರು ನನ್ನ ಮುಂದೆ ಮುಖ ಒಡ್ಡಿದ್ದಾರೋ ಲೆಕ್ಕವಿಲ್ಲ. ಆದರೂ ಈ ಊರಲ್ಲಿ ಯಾರೇ ನನ್ನೊಡನೆ ಎರಡು ಮಾತಾಡಲಿ, ಮೂರನೆಯದು, "ಎಷ್ಟರವರೆಗೆ ಓದಿದೀರಿ?" ಕುಂಚ ಹಿಡಿದವನಿಗೆ ಕೇಳುವ ಪ್ರಶ್ನೆಯೇ ಇದು?

ಅಪ್ಪ ಹಾಕಿಕೊಟ್ಟ ಎರಡು ಪದ್ಧತಿಗಳನ್ನು ನಾನು ಬಿಟ್ಟಿಲ್ಲ. ಮುಖಕ್ಕೆ ಬಣ್ಣ ಬಿದ್ದ ಮೇಲೆ ಆ ಮನುಷ್ಯನನ್ನು ಪಾತ್ರದ ಹೆಸರಿನಿಂದಲೇ, ಏಕವಚನದಲ್ಲೇ ಕರೆಯಬೇಕು, ಅವನು ಬ್ಯಾಂಕ್ ಮ್ಯಾನೇಜರಾದರೂ ಸರಿ. ಇನ್ನೊಂದು, ಕಿರೀಟ ಕಟ್ಟುವ ಮುಂಚೆ ಅವನ ಬಾಯಿಂದ ನಾಟಕದಲ್ಲಿ ಅವನಾಡುವ ಕೊನೆಯ ಮಾತನ್ನು ಹೇಳಿಸಬೇಕು. ಎಲ್ಲಿ ಹೋಗಿ ನಿಲ್ಲಬೇಕೆಂದು ಗೊತ್ತಿದ್ದವನು ನಡುವೆ ಎಡವಿದರೂ ದಾರಿ ತಪ್ಪುವುದಿಲ್ಲ ಎನ್ನುತ್ತಿದ್ದ ಅಪ್ಪ.

ಎರಡು ವರ್ಷದ ಹಿಂದೆ, ರಾಜ್ಯೋತ್ಸವಕ್ಕೆ ಹದಿನೈದು ದಿನ ಇರುವಾಗ, ಚಾಮರಾಜಪೇಟೆಯ ಒಂದು ಬೀದಿಯಿಂದ ಮೂವರು ಮಕ್ಕಳು ಅಂಗಡಿಗೆ ಬಂದರು. ಮುಂದೆ ನೋಟ್ ಪುಸ್ತಕ ಎದೆಗವಚಿಕೊಂಡ ಹುಡುಗಿ, ಏಳನೆಯ ತರಗತಿಯಂತೆ. ಹಿಂದೆ ಅವಳ ಗೆಳೆಯ, ಒಬ್ಬ ದಪ್ಪ ಹುಡುಗ. ಅವನ ಕೈ ಹಿಡಿದು, ಮುಂದಿನ ಹಲ್ಲು ಬಿದ್ದ ಅವನ ತಂಗಿ.

"ಅಂಕಲ್, ಮಾಂತ್ರಿಕ ರಾಜನ ಡ್ರೆಸ್ ಇದ್ಯಾ?"

"ಒಳ್ಳೆಯವನಾ, ಕೆಟ್ಟವನಾ?"

"ಸಿಕ್ಕಾಪಟ್ಟೆ ಕೆಟ್ಟೋನು," ಎಂದ ದಪ್ಪ ಹುಡುಗ. "ಭಾನುವಾರಾನೇ ಕದ್ದು ಉಪ್ಪಿನಕಾಯಿ ಜಾಡೀಲಿ ಹಾಕಿಟ್ಟಿದಾನೆ. ಶನಿವಾರ ಆದ್ರೆ ಸೀದಾ ಸೋಮವಾರ!"

ನಾಟಕ ಅವರೇ ಕಟ್ಟಿದ್ದು. ಯಾಕೆ ಎಂದು ಕೇಳಿದವರನ್ನೆಲ್ಲ ಮಾಂತ್ರಿಕ ಪಡವಲಕಾಯಿ ಮಾಡಿಬಿಡುತ್ತಾನೆ. ಮೂವರು ಗೆಳೆಯರು ಅವನ ಕೋಟೆಗೆ ನುಗ್ಗುತ್ತಾರೆ. ಬಾಗಿಲಲ್ಲಿ ಕಾವಲಿಗಿರುವ ರಾಕ್ಷಸನಿಗೆ ಹಲ್ಲಿಲ್ಲ. ಅವನಿಗೆ ನಿಪ್ಪಟ್ಟನ್ನು ಕಾಫಿಯಲ್ಲಿ ನೆನೆಸಿ ಕೊಟ್ಟು ಒಳಗೆ ಹೋಗುತ್ತಾರೆ. ಮಾಂತ್ರಿಕ ಮಂತ್ರವನ್ನು ಒಂದೇ ಉಸಿರಿನಲ್ಲಿ ಹೇಳಬೇಕು. ಮಕ್ಕಳು ನಡುವೆಯೇ ಅವನನ್ನು ನಗಿಸುತ್ತಾರೆ. ನೂರು ವರ್ಷದಿಂದ ನಗದವನಿಗೆ ಬಿಕ್ಕಳಿಕೆ ಹತ್ತುತ್ತದೆ. ಒಂದು ಬಿಕ್ಕಳಿಕೆಗೆ ಒಂದು ಗೇಣು ಕುಗ್ಗುತ್ತಾನೆ. ಭಾನುವಾರ ಜಾಡಿಯಿಂದ ಹೊರಗೆ, ಅವನು ಒಳಗೆ.

"ಕೊನೆಗೆ ಏನಂತಾನೆ?" ಎಂದು ಕೇಳಿದೆ.

ಹುಡುಗಿ ಪುಸ್ತಕ ಬಿಚ್ಚಿ ಓದಿದಳು: "'ಅಯ್ಯಯ್ಯೋ, ಮುಚ್ಚಳ ತೆಗೀರೋ! ಖಾರ ಕಣ್ಣಿಗೆ ಹೋಯ್ತು!'"

"ನಾವು ತೆಗ್ಯಲ್ಲ," ಎಂದಳು ಹಲ್ಲಿಲ್ಲದ ತಂಗಿ, ಅಂಗಡಿಯಲ್ಲೇ ಆಟ ಶುರುವಾದಂತೆ.

ನಾನು ನಕ್ಕ ನಗೆಗೆ ಎದುರಿನ ಬಳೆ ಅಂಗಡಿಯವರು ಎದ್ದು ಬಂದು ನೋಡಿದರು. ಯಾರೂ ಕೇಳದಿದ್ದರೂ ಮಾಮೂಲ್‌ಪೇಟೆಯಿಂದ ಒಂದು ಹಳೆಯ ಡ್ರಮ್ಮು ತಂದು, ಕಂದು ಬಣ್ಣ ಬಳಿದು ಜಾಡಿ ಮಾಡಿದೆ. ರಾಜನ ಪಾತ್ರ ಯಾರದೆಂದು ಕೇಳಿದಾಗ ಮಾತ್ರ ಮಕ್ಕಳ ದನಿ ಇಳಿಯಿತು. ಬೀದಿಯ ಸಂಘದ ಅಧ್ಯಕ್ಷರದು. ದೊಡ್ಡ ಹುದ್ದೆಯಿಂದ ನಿವೃತ್ತರಾದವರು. ತಮಗೆ ಆ ಪಾತ್ರ ಕೊಡದಿದ್ದರೆ ವೇದಿಕೆಯೇ ಇಲ್ಲ ಎಂದಿದ್ದರಂತೆ.

ರಾಜ್ಯೋತ್ಸವದ ದಿನ ಸಂಜೆ ಐದು ಗಂಟೆಗೆ ಒಂದು ಮನೆಯ ಕಾರ್ ಶೆಡ್ಡೇ ನಮ್ಮ ಗ್ರೀನ್ ರೂಮ್. ಅಧ್ಯಕ್ಷರು ಕುರ್ಚಿಯಲ್ಲಿ ಕೂತು, ಮೊಬೈಲಿನಿಂದ ಕಣ್ಣೆತ್ತದೆ ಕೇಳಿದರು: "ಎಷ್ಟು ಓದಿದೀಯಯ್ಯಾ?"

"ಏಳನೇ ಕ್ಲಾಸ್, ಸಾರ್."

"ಹೂಂ, ನೋಡಿದ್ರೇ ಗೊತ್ತಾಗತ್ತೆ."

ಹಸಿರು ಬಣ್ಣ ಬಳಿದೆ, ಹುಬ್ಬು ತಿದ್ದಿದೆ, ಅಂಟು ಹಚ್ಚಿ ಗಡ್ಡಮೀಸೆ ಕೂರಿಸಿದೆ. ಕಿರೀಟ ಎತ್ತಿಕೊಂಡು, "ಮಾಂತ್ರಿಕಾ, ನಿನ್ನ ಕೊನೇ ಮಾತು ಹೇಳು," ಎಂದೆ.

"ಏನು, ಏಕವಚನ?"

"ಬಣ್ಣ ಬಿದ್ದ ಮೇಲೆ ನಮ್ಮಲ್ಲಿ ಹೀಗೇ. ಕೊನೇ ಮಾತು?"

ಅವರು ಗಂಟಲು ಸರಿಮಾಡಿಕೊಂಡರು. "'ಮಕ್ಕಳೇ, ನಿಮ್ಮನ್ನು ಕ್ಷಮಿಸಿದ್ದೇನೆ. ತಿಂಗಳಿಗೊಂದು ಭಾನುವಾರ ಕೊಡುತ್ತೇನೆ. ಇನ್ನು ಮುಂದೆ ಹಿರಿಯರ ಮಾತು ಮೀರಬೇಡಿ.' ಆಮೇಲೆ ಮೂರು ಜನಾನೂ ನನ್ನ ಕಾಲಿಗೆ ಬೀಳ್ತಾರೆ."

ಹುಡುಗಿಯ ಕಡೆ ನೋಡಿದೆ. ಅವಳು ನೆಲ ನೋಡುತ್ತಿದ್ದಳು.

"ಜಾಡಿ?"

"ಬೇಡ ಅಂದ್ರು ಅಂಕಲ್. ನಿನ್ನೆ. ಪುಸ್ತಕದಲ್ಲಿ ಆ ಪೇಜ್ ಹೊಡೆದುಹಾಕಿದ್ರು."

"ದೊಡ್ಡೋರನ್ನ ಜಾಡೀಲಿ ತುಂಬೋದು ಯಾವ ಸಂಸ್ಕೃತಿ?" ಎಂದರು ಅಧ್ಯಕ್ಷರು.

ಈಗಲೂ ನೆನೆದರೆ ಮೈ ಉರಿಯುತ್ತದೆ. ನಾನು ಹಿರಣ್ಯಕಶಿಪುವಿಗೆ ಕಿರೀಟ ಕಟ್ಟಿದ್ದೇನೆ. ಹೆತ್ತ ಅಪ್ಪ ಅವನು. ಆದರೂ ಅವನ ಹೊಟ್ಟೆ ಬಗೆದ ಮೇಲೆಯೇ ಆಟ ಮುಗಿಯುವುದು. ಸಂಸ್ಕೃತಿ ಹಾಳಾಯಿತೆಂದು ಯಾರೂ ಎದ್ದು ಹೋದದ್ದಿಲ್ಲ. ಯಾವ ಹಿರಣ್ಯಕಶಿಪುವೂ 'ಪ್ರಹ್ಲಾದ ಕಾಲಿಗೆ ಬೀಳಲಿ, ಕ್ಷಮಿಸುತ್ತೇನೆ' ಎಂದು ಹಟ ಹಿಡಿದದ್ದೂ ಇಲ್ಲ. ಹನ್ನೆರಡು ವರ್ಷದ ಮಗು ತಲೆ ಕೆಡಿಸಿಕೊಂಡು ಬರೆದದ್ದನ್ನು ಪೆನ್ನಿನಿಂದ ಗೀಚಿಹಾಕಲು ಇವರು ಯಾರು?

"ಇದು ಅವಳು ಬರೆದ ಮಾತಲ್ಲ. ನಾನು ಕಿರೀಟ ಕಟ್ಟಲ್ಲ," ಎಂದೆ.

"ಏಳನೇ ಕ್ಲಾಸ್ ಓದಿದೋನು ನಂಗೆ ನಾಟಕ ಹೇಳ್ಕೊಡ್ತೀಯಾ?"

"ಅಷ್ಟು ಓದಿರೋದಕ್ಕೇ ಏಳನೇ ಕ್ಲಾಸಿನವಳು ಬರೆದಿದ್ದು ನಂಗೆ ಅರ್ಥ ಆಯ್ತು. ನೀನು ಜಾಸ್ತಿ ಓದ್ಬಿಟ್ಟೆ, ಮಾಂತ್ರಿಕಾ."

ಅವರು ಎದ್ದು ಮೀಸೆ ಕಿತ್ತರು. ನಾನು ಹಚ್ಚಿದ ಅಂಟು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. "ಅಮ್ಮಾ!" ಎಂಬ ಕೂಗು ಬೀದಿಗೆಲ್ಲ ಕೇಳಿಸಿತು. ಹಸಿರು ಮುಖದಲ್ಲೇ ಜನರ ನಡುವಿನಿಂದ ದಾಪುಗಾಲು ಹಾಕುತ್ತಾ ಮನೆಗೆ ಹೋದರು. ನಾಟಕ ಶುರುವಾಯಿತೆಂದುಕೊಂಡು ಜನ ಚಪ್ಪಾಳೆ ಹೊಡೆದರು.

"ಈಗ ರಾಜ ಯಾರೋ?" ಎಂದ ದಪ್ಪ ಹುಡುಗ, ಅಳು ಬರುವಂತಾಗಿ.

"ಅಂಕಲ್, ನೀವೇ ಮಾಡಿ," ಎಂದಳು ಹುಡುಗಿ.

ಅಷ್ಟು ವರ್ಷ ಊರಿನ ಮುಖಗಳಿಗೆಲ್ಲ ಬಣ್ಣ ಹಚ್ಚಿದವನು ನನ್ನ ಮುಖಕ್ಕೆ ಹಚ್ಚಿಕೊಂಡದ್ದು ಅದೇ ಮೊದಲು. ಹುಬ್ಬು ತಿದ್ದಿಕೊಂಡೆ. ಕಿರೀಟವನ್ನು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಎತ್ತಿ ಹಿಡಿದು, ಗಂಭೀರವಾಗಿ, "ಮಾಂತ್ರಿಕಾ, ನಿನ್ನ ಕೊನೇ ಮಾತು?" ಎಂದಳು. ಹೇಳಿದೆ. ಕಟ್ಟಿದಳು.

ವೇದಿಕೆಯಲ್ಲಿ ನನಗೆ ಉಳಿದ ಒಂದು ಮಾತೂ ಬರಲಿಲ್ಲ. ದಪ್ಪ ಹುಡುಗ ಪಿಸುಗುಟ್ಟುತ್ತಿದ್ದುದು ಹಿಂದಿನ ಸಾಲಿಗೂ ಕೇಳುತ್ತಿತ್ತು. ಡ್ರಮ್ಮು ತರುವಾಗ ನನ್ನ ಹೊಟ್ಟೆಯ ಅಳತೆ ನೋಡಿರಲಿಲ್ಲ. ಸೊಂಟದ ಹತ್ತಿರ ಸಿಕ್ಕಿಕೊಂಡೆ. ಮೂವರೂ ತಲೆ ಹಿಡಿದು ಒತ್ತಿದರು. ಕೊನೆಗೆ ಒಳಗಿನಿಂದ ನಾನು ಬೊಬ್ಬೆ ಹೊಡೆದೆ: "ಅಯ್ಯಯ್ಯೋ, ಮುಚ್ಚಳ ತೆಗೀರೋ!" ಬೀದಿಯ ಮಕ್ಕಳೆಲ್ಲ ಒಟ್ಟಿಗೆ, "ತೆಗ್ಯಲ್ಲಾ!"

ಮರುವರ್ಷ ಆ ಬೀದಿಯಲ್ಲಿ ಮಕ್ಕಳ ನಾಟಕ ಇಡಲಿಲ್ಲ, ಆರ್ಕೆಸ್ಟ್ರಾ ತರಿಸಿದರು. ಸಂಘದವರೊಬ್ಬರು ಸಿಕ್ಕಾಗ, "ಸ್ವಲ್ಪ ಅಡ್ಜಸ್ಟ್ ಮಾಡ್ಕೋಬೇಕಿತ್ತು ನೀವು," ಎಂದರು. ಯಾವಾಗಲೂ ಅಡ್ಜಸ್ಟ್ ಆಗಬೇಕಾದವರು ಕೆಲಸ ಮಾಡಿದವರೇ ಯಾಕೆ? ಬರೆದವಳು ಹುಡುಗಿ, ಜಾಡಿ ಮಾಡಿದವನು ನಾನು. ಗೀಚಿದವರಿಗೆ ಯಾರೂ ಏನೂ ಹೇಳಲಿಲ್ಲ. ಹುಡುಗಿ ಹೋದ ತಿಂಗಳು ಅಂಗಡಿಗೆ ಬಂದು, ಶಾಲೆಯ ನಾಟಕಕ್ಕೆಂದು ಎರಡು ಬಾಲ ಒಯ್ದಳು. ಈ ಸಲ ಬರೆದದ್ದನ್ನು ಯಾರಿಗೂ ಮೊದಲೇ ತೋರಿಸಿಲ್ಲವಂತೆ.

ಈಗ ನನ್ನ ಬಳಿ ಇರುವುದು ಹದಿನಾಲ್ಕು ಕಿರೀಟ, ಒಂಬತ್ತು ಗದೆ, ಎರಡು ಹೊಲಿಗೆ ಯಂತ್ರ, ನಾನೇ ಆಡಿದ ಒಂದು ಪಾತ್ರ. ವರ್ಷ ವರ್ಷ ಕರೆಯುವ ಬೀದಿಗಳು ಹನ್ನೆರಡು. ಮೊದಲು ಹದಿಮೂರಿದ್ದವು.